ಸಹಿ ಬೀಳದ ಪುಟ

೩೦ ನವೆಂಬರ್ ೨೦೧೨, ಶುಕ್ರವಾರ

ಆ ಪುಟಕ್ಕೆ ನಾನು ಸಹಿ ಹಾಕಲಿಲ್ಲ. ಹೊರದೇಶದ ಪ್ರಕಾಶಕರಿಗೆ ಪಠ್ಯಪುಸ್ತಕ ಸಿದ್ಧಪಡಿಸುವ ನಮ್ಮ ಆಫೀಸಿನಲ್ಲಿ ಕೊನೆಯ ಪ್ರೂಫಿನ ಮೇಲೆ ನನ್ನ ಸಹಿ ಬೀಳದೆ ಯಾವ ಪುಟವೂ ಅಚ್ಚಿಗೆ ಹೋಗುವುದಿಲ್ಲ. ಬೆಳಿಗ್ಗೆ ಸುದ್ದಿ ಬಂತು: ವಿಶ್ವಸಂಸ್ಥೆಯಲ್ಲಿ ನೂರ ಮೂವತ್ತೆಂಟು ದೇಶಗಳು ಮತ ಹಾಕಿ ಪ್ಯಾಲೆಸ್ತೀನಿಗೆ ವೀಕ್ಷಕ ರಾಷ್ಟ್ರದ ಸ್ಥಾನ ಕೊಟ್ಟವು, ನಮ್ಮ ದೇಶವೂ ಸೇರಿ. ಪ್ಯಾಲೆಸ್ತೀನಿನ ಪಾಠವಿದ್ದ ಆ ಪುಟಕ್ಕೆ ಅದನ್ನು ಒಂದೇ ಸಾಲಿನಲ್ಲಿ ಬರೆದು ಸೇರಿಸಿದೆ.

ಮಧ್ಯಾಹ್ನ ಮ್ಯಾನೇಜರ್ ಸಿದ್ಧಾರ್ಥ್ ಆ ಸಾಲು ಹೊಡೆದುಹಾಕಿ ತಂದ. "ಮೇಡಂ, ಕ್ಲೈಂಟ್ ಅಮೆರಿಕದವರು. ಅವರ ದೇಶ ಬೇಡ ಅಂತ ಮತ ಹಾಕಿದೆ. ಎಲೆಕ್ಟ್ರಾನಿಕ್ ಸಿಟೀಲಿ ಕೂತು ನೀವು ಜಗತ್ತು ತಿದ್ತೀರಾ?"

"ಜಗತ್ತಲ್ಲ ಕಣಪ್ಪಾ, ಪ್ರೂಫು. ಆಗಿರೋದನ್ನ ಆಗಿದೆ ಅಂತ ಬರೆದಿದ್ದೀನಿ."

"ಪ್ರಾಜೆಕ್ಟ್ ಕೈಬಿಟ್ಟು ಹೋದ್ರೆ?"

"ನನ್ನ ಕೆಲ್ಸಾನೂ ಹೋಗುತ್ತೆ. ಗೊತ್ತು."

ಅವನು ಹೋದ ಮೇಲೆ, ಪುಟ ಜೋಡಿಸುವ ಬಾಗಲಕೋಟೆಯ ಮಹಾದೇವಿ ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದಳು: "ಅಕ್ಕಾರ, ಸಹಿ ಮಾಡಬ್ಯಾಡ್ರಿ. ನಾನೂ ಅಳಸಂಗಿಲ್ಲ."

ಹೆದರಿಕೆ ಇಲ್ಲವೆಂದರೆ ಸುಳ್ಳು. ನಲವತ್ತೆಂಟನೇ ವಯಸ್ಸಿನಲ್ಲಿ ನನಗೆ ಯಾರು ಹೊಸ ಕೆಲಸ ಕೊಡುತ್ತಾರೆ? ಸೋಮವಾರ ಬೇರೆ ಯಾರಿಂದಲಾದರೂ ಸಹಿ ಹಾಕಿಸಿಕೊಳ್ಳಲಿ. ಅರವತ್ತು ವರ್ಷ ಕಾದ ಜನಕ್ಕೆ ಕೊನೆಗೂ ಸಿಕ್ಕ ಒಂದು ಸಾಲನ್ನು ಅಳಿಸುವ ಕೈ ನನ್ನದಾಗುವುದಿಲ್ಲ.