ಹವಳದ ದಿಬ್ಬಕ್ಕೆ ಅಕ್ಕನ ಒಪ್ಪಿಗೆ

ಮಾರ್ಚ್ 9, ಸೋಮವಾರ

ನನ್ನ ಫೋನೆತ್ತದ ಅಕ್ಕನಿಗೆ,

ತಂಗಿಯ ನಮಸ್ಕಾರ. ಮಗು ಹೇಗಿದೆ? ಬಾಣಂತಿ ಹೇಗಿದ್ದಾಳೆ? ನೀನು ಬಾಣಂತನಕ್ಕೆಂದು ಮಗಳ ಊರಿಗೆ ಹೋದದ್ದನ್ನೂ ಅಜ್ಜಿಯಾದ ಸುದ್ದಿಯನ್ನೂ ನಾನು ಭಾವನ ಬಾಯಿಂದ ಕೇಳಬೇಕಾಯಿತು. ನನ್ನ ದನಿ ಕೇಳಿದ ಕೂಡಲೇ ಫೋನ್ ಇಡುತ್ತೀಯ. ಕಾಗದವನ್ನಾದರೆ ಹರಿದು ಹಾಕುವ ಮುಂಚೆ ಒಂದು ಸಲ ಓದಿಯೇ ಓದುತ್ತೀಯ, ನಿನ್ನ ಗುಣ ನನಗೆ ಗೊತ್ತಿಲ್ಲವೇ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ನನಗೆ ಸಾಕುಸಾಕಾಗಿ ಹೋಗಿದೆ. ಹವಳದ ದಿಬ್ಬ ಕಾಯುವ ಕೆಲಸಕ್ಕೆಂದು ಸೇರಿದವಳು ನಾನು; ಈಗ ಹವಳಕ್ಕೆ ಹಲ್ಲುಜ್ಜಿಸುತ್ತಿದ್ದೇನೆ. ತಮಾಷೆಯಲ್ಲ. ದಿಬ್ಬದ ಮೇಲೆ ಪಾಚಿ ಕಂಬಳಿ ಹೊದಿಸಿದ ಹಾಗೆ ಬೆಳೆದು ಹವಳದ ಉಸಿರು ಕಟ್ಟುತ್ತಿದೆ ಎಂದು ವರದಿ ಕೊಟ್ಟರೆ, ನಮ್ಮ ಸಾಹೇಬರು ರಾಶಿ ಹಲ್ಲುಜ್ಜುವ ಬ್ರಷ್ ತರಿಸಿದರು. ಭಾನುವಾರ ಬಂತೆಂದರೆ ಬ್ಯಾಂಕಿನವರು, ಕಾಲೇಜಿನವರು ನೀರಿಗಿಳಿದು ಪಾಚಿ ಉಜ್ಜುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಹಸಿದು ಮೇಲೆ ಬಂದವರು ಸೀದಾ ಹೋಗುವುದು ಎಲ್ಲಿಗೆ? ನಿನ್ನ ಹೋಟೆಲಿಗೆ. ತಿನ್ನುವುದು ಏನು? ಗಿಳಿಮೀನು. ಗಿಳಿ ಕೊಕ್ಕಿನಂಥ ಬಾಯಿಂದ ದಿನವಿಡೀ ಆ ಪಾಚಿಯನ್ನು ಕೆರೆದು ತಿನ್ನುವ, ಸಂಬಳ ಕೇಳದ, ರಜೆ ಹಾಕದ ಅದೇ ಮೀನು. ಬೆಳಿಗ್ಗೆ ಅದರ ಕೆಲಸ ಮಾಡುತ್ತಾರೆ, ಮಧ್ಯಾಹ್ನ ಅದನ್ನೇ ತಿಂದು ತೇಗುತ್ತಾರೆ. ನಾನು ಯಾರ ಮುಂದೆ ಹೋಗಿ ತಲೆ ಚಚ್ಚಿಕೊಳ್ಳಲಿ?

ಗಿಳಿಮೀನು ಮಾರಬೇಡ ಅಂದದ್ದಕ್ಕೆ ತಾನೆ ನೀನು ಮಾತು ಬಿಟ್ಟಿದ್ದು. "ಊರಿನ ಚರಂಡಿ ನೀರೆಲ್ಲ ಆ ದಿಬ್ಬದ ಹತ್ರಾನೇ ಹೋಗಿ ಬೀಳುತ್ತೆ. ಪಾಚಿ ಕೊಬ್ಬೋದು ಅದನ್ನ ಕುಡಿದು. ಅದನ್ನ ಕೇಳೋರಿಲ್ಲ, ನನ್ನ ಬಾಣಲೆ ಮಾತ್ರ ನಿನ್ನ ಕಣ್ಣಿಗೆ ಬಿತ್ತಾ?" ಅಂದೆ ನೀನು. ನೀನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೀನು ಹಿಡಿಯುವುದು ನಿಂತರೂ ಕೊಳಕು ನೀರು ನಿಲ್ಲದಿದ್ದರೆ ಪಾಚಿ ಗೆಲ್ಲುತ್ತದೆ; ಕೊಳಕು ನೀರು ನಿಂತರೂ ಮೀನಿಲ್ಲದಿದ್ದರೆ ಆಗಲೂ ಪಾಚಿಯೇ ಗೆಲ್ಲುತ್ತದೆ. ಎರಡೂ ಒಟ್ಟಿಗೆ ಆಗಬೇಕು.

ಆದರೆ ಇದನ್ನು ಹೇಳುವುದು ಯಾರಿಗೆ? ಸಾಹೇಬರನ್ನು ಕೇಳಿದರೆ ಚರಂಡಿ ನಮ್ಮ ಇಲಾಖೆಯಲ್ಲ ಅನ್ನುತ್ತಾರೆ. ಚರಂಡಿಯ ಇಂಜಿನಿಯರು ಯಾರಪ್ಪಾ ಅಂದರೆ, ನಿನ್ನ ಗಂಡ. ಭಾವನನ್ನು ಕೇಳಿದರೆ "ಪೈಪಿನ ಬಾಯಿಗೆ ನನ್ನ ಕೆಲಸ ಮುಗೀತಮ್ಮ, ಸಮುದ್ರ ನಂದಲ್ಲ" ಅಂತ ಪೇಪರ್ ಮಗುಚುತ್ತಾರೆ. ದೋಣಿಯವರು, ಅಕ್ಕ ಕೊಳ್ಳುವವರೆಗೆ ನಾವು ಹಿಡಿಯುತ್ತೇವೆ ಅನ್ನುತ್ತಾರೆ. ನೀನು, ಮೊದಲು ಪೈಪ್ ತಿರುಗಿಸಲಿ, ಆಮೇಲೆ ನೋಡೋಣ ಅನ್ನುತ್ತೀಯ. ಹೀಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದೀರಿ. ಅಲ್ಲಿ ದಿಬ್ಬ ಸಾಯುತ್ತಿದೆ. ಕಳೆದ ವಾರ ನಾವಿಬ್ಬರೂ ಈಜು ಕಲಿತ ಕಡೆ ಮುಳುಗಿ ನೋಡಿದೆ. ಹವಳವೆಂದು ಮುಟ್ಟಿದರೆ ಕೈಗೆ ಬರೀ ಲೋಳೆ ಹತ್ತಿತು. ಅಳು ಬಂತು. ನೀರಿನ ಕನ್ನಡಕ ಹಾಕಿಕೊಂಡು ಅಳುವುದು ಎಂಥ ಫಜೀತಿ ಅಂತ ಅವತ್ತು ಗೊತ್ತಾಯಿತು.

ಶುಕ್ರವಾರ ಬಂದರಿನ ಗೋದಾಮಿನಲ್ಲಿ ಸಭೆ ಇತ್ತು. ಮತ್ತೆ ಅದೇ ರಾಗ. ನೀವು ಮೊದಲು, ಇಲ್ಲ ನೀವು ಮೊದಲು. ಸಾಹೇಬರು ಹೊಸ ಬ್ರಷ್‌ನ ಹಿಡಿಕೆ ಉದ್ದವಿದೆ ಎಂದು ವಿವರಿಸತೊಡಗಿದಾಗ ನನ್ನ ತಲೆ ಕೆಟ್ಟುಹೋಯಿತು. ಈಗ ವಿಷಯಕ್ಕೆ ಬರುತ್ತೇನೆ. ಮಗು ತೊಡೆಯ ಮೇಲಿದ್ದರೆ ಮೊದಲು ಕೆಳಗೆ ಮಲಗಿಸು. ನಾನು ಎದ್ದು ನಿಂತು, "ಅಕ್ಕ ಒಪ್ಪಿದಾಳೆ. ಇನ್ಮೇಲೆ ಗಿಳಿಮೀನು ಕೊಳ್ಳಲ್ಲ" ಅಂದುಬಿಟ್ಟೆ.

ದೋಣಿಯವರ ಹಿರಿಯ, "ಅಕ್ಕನೇ ಬೇಡ ಅಂದ್ಮೇಲೆ ನಾವು ಹಿಡಿದು ಯಾರಿಗೆ ಕೊಡೋದು?" ಅಂತ ತನ್ನವರ ಕಡೆ ನೋಡಿದ. ದಿಬ್ಬದ ಸುತ್ತ ಇನ್ನು ಬಲೆ ಹಾಕುವುದಿಲ್ಲ ಎಂದು ಅವರೆಲ್ಲ ಒಪ್ಪಿದರು. ಈಗ ಎಲ್ಲರ ಕಣ್ಣೂ ಭಾವನ ಮೇಲೆ. ಅವರು ನನ್ನ ಕಡೆ ಒಮ್ಮೆ ನೋಡಿದರು. ಎದ್ದು, ಮಳೆಗಾಲಕ್ಕೆ ಮುಂಚೆ ಚರಂಡಿ ನೀರನ್ನು ಶುದ್ಧಮಾಡುವ ತೊಟ್ಟಿಗಳ ಕಡೆ ತಿರುಗಿಸುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟರು. ಸಾಹೇಬರು ಚಪ್ಪಾಳೆ ತಟ್ಟಿ, ಉಳಿದ ಬ್ರಷ್ ಏನು ಮಾಡುವುದು ಎಂದು ಕೇಳಿದರು.

ನಿನ್ನನ್ನು ಕೇಳದೆ ನಿನ್ನ ಹೆಸರು ಹೇಳಿದ್ದು ತಪ್ಪು. ಕ್ಷಮಿಸು ಅಂತ ಬರೆಯಲು ಹೋದರೆ ಕೈ ಬರುತ್ತಿಲ್ಲ, ಏನು ಮಾಡಲಿ. ನಿನ್ನ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ, ಅದೂ ಗೊತ್ತು. ಆದರೆ ನೀನು ಬಂದು ಬಂದರಿನಲ್ಲಿ ನಿಂತು "ನಾನ್ಯಾವಾಗ ಒಪ್ಪಿದೆ?" ಎಂದು ಒಂದು ಮಾತಂದರೆ ಮುಗಿಯಿತು. ಮಾರನೆಯ ದಿನವೇ ಬಲೆ ಬೀಳುತ್ತದೆ, ಪೈಪ್ ಇದ್ದಲ್ಲೇ ಇರುತ್ತದೆ. ಬಯ್ಯಬೇಕಾದರೆ ಮನೆಯೊಳಗೆ ಬಾಗಿಲು ಹಾಕಿಕೊಂಡು ಬಯ್ಯಿ. ಹೊರಗೆ ಮಾತ್ರ, ದಮ್ಮಯ್ಯ, ಸುಮ್ಮನಿರು.

ಇಂತಿ, ಬೈಸಿಕೊಳ್ಳಲು ತಯಾರಾಗಿ ಕೂತಿರುವ ನಿನ್ನ ತಂಗಿ,
ಗಿಡ್ಡಿ

ಇನ್ನೊಂದು ಮಾತು. ಸಭೆ ಮುಗಿದ ಮೇಲೆ ಭಾವ ನನ್ನನ್ನು ಪಕ್ಕಕ್ಕೆ ಕರೆದು, "ಅವಳು ಒಪ್ಪಿಲ್ಲ ಅಂತ ನಂಗೊತ್ತಮ್ಮ. ನಾನು ಬರೋದ್ರೊಳಗೆ ಗಿಳಿಮೀನು ತುಂಬಿಸಿಡಿ ಅಂತ ಬೆಳಿಗ್ಗೆ ತಾನೇ ಫೋನ್ ಮಾಡಿದ್ಲು" ಅಂದರು. ಮತ್ತೆ ಯಾಕೆ ಎದ್ದು ಮಾತು ಕೊಟ್ಟಿರಿ ಎಂದು ಕೇಳುತ್ತಿದ್ದ ಹಾಗೇ ಹೊರಟುಬಿಟ್ಟರು. ಸೀದಾ ನಿನ್ನ ಹೋಟೆಲಿಗೆ ಹೋಗಿ ಬೋರ್ಡಿನಿಂದ ಗಿಳಿಮೀನಿನ ಹೆಸರು ಒರೆಸಿದವರು ಅವರೇ, ನಾನಲ್ಲ. ಈ ಕಾಗದ ಬರೆ ಎಂದವರೂ ಅವರೇ. ನಿನಗೆ ತಾವಾಗಿ ಹೇಳಲು ಅವರಿಗೆ ಧೈರ್ಯವಿಲ್ಲವಂತೆ.