ಅಳಿವೆಯ ಕೇಬಲನ್ನು ಕೊಯ್ದವರು ಯಾರೆಂದು ನನ್ನನ್ನು ಕೇಳಲಿಲ್ಲ

ಕುಂದಾಪುರ, ಮಾರ್ಚ್ ೧೯೭೨

ಕೇಬಲ್ ಪ್ರಕರಣದ ವಿಚಾರಣಾಧಿಕಾರಿಗಳಿಗೆ,

ಮಾನ್ಯರೇ,

ಕೋಡಿಯ ಮೀನುಗಾರ ಚಂದಯ್ಯನು ಯುದ್ಧಕಾಲದಲ್ಲಿ ಅಳಿವೆಯ ತಳದ ಟೆಲಿಫೋನ್ ಕೇಬಲನ್ನು ಕಡಿದನೆಂಬುದಕ್ಕೆ ತಮ್ಮ ಬಳಿ ಎರಡು ಸಾಕ್ಷ್ಯಗಳಿವೆ. ಒಂದು, ಎರಡೂ ತುದಿಗಳನ್ನು ಗರಗಸದಿಂದ ಕೊಯ್ದಿರುವ, ಒಂದಡಿ ಉದ್ದದ ಕೇಬಲ್ ತುಂಡು. ಇನ್ನೊಂದು, ಅವನ ಮನೆಯಲ್ಲಿ ಸಿಕ್ಕಿದ ಸೀಸ. ಆ ತುಂಡನ್ನು ಕೊಯ್ಯಿಸಿದವನು ನಾನು. ಆ ಸೀಸವನ್ನು ಕೊಟ್ಟವನೂ ನಾನು. ಈ ಎರಡು ವಾಕ್ಯಗಳನ್ನು ಬರೆಯಲು ನನಗೆ ಮೂರು ತಿಂಗಳು ಬೇಕಾಯಿತು. ತಮ್ಮ ಮೇಲಿನ ದೂರಿಗೆ ಮೊದಲು ಈ ವಿಳಂಬ ದಾಖಲಾಗಲಿ.

ನಾನು ಈ ಭಾಗದ ಲೈನ್ ಇನ್ಸ್‌ಪೆಕ್ಟರ್. ಕಳೆದ ಡಿಸೆಂಬರ್ ಎಂಟರ ಬೆಳಿಗ್ಗೆ ಕೋಡಿಯಿಂದ ಅಳಿವೆಯ ಆಚೆ ದಡದ ಗಂಗೊಳ್ಳಿಗೆ ಹೋಗುವ ಕೇಬಲ್ ಮೂಕವಾಯಿತು. ಚಂದಯ್ಯನ ದೋಣಿಯಲ್ಲಿ, ಕೇಬಲ್ ಜೋಡಿಸುವ ಕೆಲಸದ ಕುಷ್ಟನೊಂದಿಗೆ ನಾನು ಅಳಿವೆಗೆ ಹೋದೆ. ಕೊಕ್ಕೆ ಹಾಕಿ ಎತ್ತಿದಾಗ ಸುಮಾರು ಎಂಟಡಿಯಷ್ಟು ಭಾಗ ಕೆಟ್ಟಿರುವುದು ಕಂಡಿತು. ಹೊರಗಿನ ಉಕ್ಕಿನ ತಂತಿಗಳು ಸವೆದು ಸೂಜಿಯಂತಾಗಿದ್ದವು. ಒಳಗಿನ ಸೀಸದ ಹೊದಿಕೆ ಬಿರಿದಿತ್ತು. ಹಿಂದಿನ ಮಳೆಗಾಲದಲ್ಲಿ ಅಳಿವೆಯ ಮರಳು ಜಾಗ ಬದಲಿಸಿತ್ತು. ಆಧಾರ ತಪ್ಪಿದ ಕೇಬಲ್ ಎರಡು ಬಂಡೆಗಳ ನಡುವೆ ತೂಗಿ, ಪ್ರತಿ ಉಬ್ಬರ ಇಳಿತಕ್ಕೂ ಉಜ್ಜಿಕೊಂಡಿರಬೇಕು ಎಂಬುದು ನನ್ನ ಅಭಿಪ್ರಾಯ. ಯಾವುದೋ ದೋಣಿಯ ಲಂಗರು ಒಮ್ಮೆ ತಾಗಿರಲೂಬಹುದು. ನೂರಕ್ಕೆ ನೂರು ಎಂದು ಹೇಳಲಾರೆ. ನೀರಿನಡಿಯಲ್ಲಿ ಹೆಜ್ಜೆಯ ಗುರುತು ಉಳಿಯುವುದಿಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿದ ನನಗೆ ಇರುವ ಸಂದೇಹ, ಒಂದು ದಿನವೂ ದೋಣಿ ಹತ್ತದ ತಮಗೆ ಇಲ್ಲದಿರುವುದು ತಮ್ಮ ಪುಣ್ಯ.

ಕುಷ್ಟನು ಕೆಟ್ಟ ಭಾಗವನ್ನು ಗರಗಸದಿಂದ ಕೊಯ್ದು ತೆಗೆದನು. ನೀರು ಒಳಗೆ ಹರಿದಿರುವ ಕಾರಣ ಇನ್ನೂ ಒಂದಡಿ ಕೊಯ್ಯಿಸಿದೆ. ಒಳತಂತಿಗಳಿಗೆ ಸುತ್ತಿದ ಕಾಗದ ಒದ್ದೆಯಾಗದ ಜಾಗ ಸಿಗುವವರೆಗೆ ಕೊಯ್ಯದಿದ್ದರೆ ಹೊಸ ಜೋಡಣೆ ನಿಲ್ಲುವುದಿಲ್ಲ. ಆ ಒಂದಡಿಯ ತುಂಡಿಗೆ ಚೀಟಿ ಕಟ್ಟಿ ಕಚೇರಿಯ ಕಪಾಟಿನಲ್ಲಿಟ್ಟೆ. ಸಂಜೆಯೊಳಗೆ ಗಂಗೊಳ್ಳಿ ಮಾತಾಡಿತು.

ಉಳಿದದ್ದು ಆ ಎಂಟಡಿ. ಕೆಟ್ಟ ತುಂಡನ್ನು ಉಗ್ರಾಣಕ್ಕೆ ಒಪ್ಪಿಸಬೇಕೆಂಬುದು ನಿಯಮ. ಅದನ್ನು ದೋಣಿಯವನಿಗೆ ಬಿಟ್ಟುಕೊಡುವುದು ಈ ದಡದ ರೂಢಿ. ನನಗಿಂತ ಹಿಂದಿನ ಇನ್ಸ್‌ಪೆಕ್ಟರರ ಕಾಲದಿಂದ ಬಂದದ್ದು. ಹೊದಿಕೆಯ ಸೀಸವನ್ನು ಕರಗಿಸಿ ಅವರು ಬಲೆಯನ್ನು ಮುಳುಗಿಸುವ ಭಾರದ ಗುಂಡು ಎರೆದುಕೊಳ್ಳುತ್ತಾರೆ. ವರದಿಯಲ್ಲಿ ನಾವು 'ಸಮುದ್ರಪಾಲು' ಎಂದು ಬರೆಯುತ್ತೇವೆ. ಆ ದಿನವೂ ಹಾಗೆಯೇ ಬರೆದೆ. ಚಂದಯ್ಯ ತುಂಡನ್ನು ಹೆಗಲಿಗೇರಿಸುತ್ತ ನಕ್ಕಿದ್ದ. "ಹೆಗ್ಡೇರೆ, ಇನ್ನ್ ನಮ್ಮ್ ಮೀನೂ ಟೆಲಿಫೋನಂಗೆ ಮಾತಾಡತ್ ಕಾಣಿ" ಎಂದಿದ್ದ.

ವಾರದೊಳಗೆ ಪತ್ರಿಕೆಗಳಲ್ಲಿ 'ಶತ್ರುವಿನ ಕೈವಾಡ' ಎಂಬ ಮಾತು ಬಂತು. ತಾವು ಬಂದಿರಿ. ಕಪಾಟಿನ ತುಂಡನ್ನು ಒಯ್ದಿರಿ. ನನಗೆ ಐದು ಲಿಖಿತ ಪ್ರಶ್ನೆಗಳು ಬಂದವು. ಕೇಳಿದ್ದಕ್ಕೆ ಮಾತ್ರ ಉತ್ತರಿಸತಕ್ಕದ್ದು ಎಂಬ ಸೂಚನೆಯೂ ಇತ್ತು. ನಾಲ್ಕನೆಯ ಪ್ರಶ್ನೆ: ತುಂಡಿನ ತುದಿ ಹರಿದದ್ದೋ, ಕೊಯ್ದದ್ದೋ? ಕೊಯ್ದದ್ದು ಎಂದು ಬರೆದೆ. ಐದನೆಯದು: ಅದು ತಾನಾಗಿ ಆಗಲು ಸಾಧ್ಯವೇ? ಸಾಧ್ಯವಿಲ್ಲ ಎಂದು ಬರೆದೆ. ಎರಡೂ ಅಕ್ಷರಶಃ ಸತ್ಯ. ಕೊಯ್ದವರು ಯಾರು ಎಂಬ ಆರನೆಯ ಪ್ರಶ್ನೆ ಬಂದೇ ಬರುತ್ತದೆಂದು ಕಾದೆ. ಅದು ಬರಲಿಲ್ಲ. ಬಾರದಿದ್ದುದಕ್ಕೆ ನನಗೆ ಒಳಗೊಳಗೆ ಸಮಾಧಾನವಾಯಿತು ಎಂಬುದನ್ನೂ ಬರೆಯುತ್ತೇನೆ. ಬಂದಿದ್ದರೆ ಆ 'ಸಮುದ್ರಪಾಲು' ಬಯಲಾಗುತ್ತಿತ್ತು, ಮತ್ತು ನನ್ನ ನಿವೃತ್ತಿಗೆ ಮೂರು ವರ್ಷವಿತ್ತು.

ಒಂದಡಿ ಲೋಹದಿಂದ ಒಬ್ಬ ದ್ರೋಹಿಯನ್ನು ಕಂಡುಹಿಡಿದ ತಮ್ಮ ಸಾಮರ್ಥ್ಯಕ್ಕೆ ತಲೆಬಾಗುತ್ತೇನೆ. ಆದರೂ ಕೇಳುತ್ತೇನೆ: ಕೇಬಲ್ ಕಡಿದವನು ಅದೇ ದಿನ ತನ್ನ ದೋಣಿಯಲ್ಲಿ ರಿಪೇರಿಯವರನ್ನು ಕೂರಿಸಿಕೊಂಡು ಹೋಗುತ್ತಾನೆಯೇ? ಕದ್ದ ಸೀಸದಿಂದ ಗುಂಡು ಎರೆದು, ಊರೆಲ್ಲ ನೋಡುವಂತೆ ಅಂಗಳದಲ್ಲಿ ಬಲೆಗೆ ಪೋಣಿಸುತ್ತಾನೆಯೇ? ಬಂಡೆಗೆ ಕೈಕೋಳ ತೊಡಿಸಲಾಗದು, ಮರಳಿನ ಹೇಳಿಕೆ ಪಡೆಯಲಾಗದು. ಅದಕ್ಕೆಂದು ಕೈಗೆ ಸಿಕ್ಕಿದವನೇ ಅಪರಾಧಿಯೇ?

ಮನೆಯಲ್ಲಿ ಸೀಸ ಸಿಕ್ಕಿತೆಂದು ಪೋಲೀಸರು ಹಿಡಿದೊಯ್ದ ಚಂದಯ್ಯ ನಲವತ್ತೊಂದು ದಿನ ಒಳಗಿದ್ದ. ಈಗ ಜಾಮೀನಿನ ಮೇಲೆ ಹೊರಗಿದ್ದಾನೆ. ಪ್ರತಿ ಸೋಮವಾರ ಠಾಣೆಗೆ ಹೋಗಿ ಮುಖ ತೋರಿಸಬೇಕು. ಜಪ್ತಿಯಾದ ದೋಣಿ ಕೋಡಿಯ ಮರಳಲ್ಲಿ ಬಿಸಿಲಿಗೆ ಬಿದ್ದು, ಹಲಗೆಗಳ ಸಂದು ಬಾಯಿ ಬಿಟ್ಟಿದೆ. ಅವನನ್ನು ಈಗ ಯಾರೂ ತಮ್ಮ ದೋಣಿಗೂ ಹತ್ತಿಸಿಕೊಳ್ಳುವುದಿಲ್ಲ. ಪೇಟೆಯಲ್ಲಿ ಅವನ ಬೆನ್ನ ಹಿಂದೆ, "ಹ್ವಾಯ್, ಕರಾಚಿಗೆ ಫೋನ್ ಸಿಕ್ತಾ?" ಎಂದು ಕೂಗುತ್ತಾರೆ. ಮುಂದಿನ ತಿಂಗಳು ನ್ಯಾಯಾಲಯದಲ್ಲಿ ವಿಚಾರಣೆ.

ಅವನು ಒಳಗಿದ್ದಾಗ ಹೆಂಡತಿ ಗಿರಿಜಾ ನನ್ನ ಕಚೇರಿಗೆ ಬಂದಿದ್ದಳು. ಮೀನಿನ ಬುಟ್ಟಿಯನ್ನು ಹೊರಗಿಟ್ಟು, ಬಾಗಿಲಲ್ಲೇ ನಿಂತಳು. ವಿಚಾರಣೆ ನಡೆಯುತ್ತಿರುವ ವಿಷಯದಲ್ಲಿ ಮಾತಾಡಲು ನಿಯಮವಿಲ್ಲ ಎಂದು ಹೇಳಿದೆ. ಕಡತದಿಂದ ತಲೆಯೆತ್ತದೆ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಸೀಸ ಯಾರ್ ಕೊಟ್ಟದ್ ಅಂದೇಳಿ ಪೋಲೀಸ್ರ್ ಹೊಡ್ದ್ ಹೊಡ್ದ್ ಕೇಂಡ್ರ್. ಇವ್ರ್ ನಿಮ್ಮ್ ಹೆಸ್ರ್ ಹೇಳ್ಲಿಲ್ಲ. ಹೇಳಿರೆ ಹೆಗ್ಡೇರ್ ಕೆಲ್ಸ ಹೋತ್ತ್ ಅಂದ್ರ್. ಇವ್ರ್ ಕಡ್ದದ್ದಲ್ಲ ಅಂದೇಳಿ ಹೇಳೂಕೆ ನಿಮ್ಗೆ ಎಂತ ಆಯ್ತ್?"

ಬುಟ್ಟಿ ಎತ್ತಿಕೊಂಡು ಹೋದಳು. ನಾನು ಕುರ್ಚಿಯಿಂದ ಏಳಲಿಲ್ಲ. ಆ ಬಳಿಕವೂ ಎರಡು ತಿಂಗಳು ಸುಮ್ಮನಿದ್ದೆ. ತನಿಖೆಯೇ ಸತ್ಯವನ್ನು ಹೊರತೆಗೆಯುತ್ತದೆ ಎಂದುಕೊಂಡೆ. ಅದನ್ನು ಅಡಗಿಸಿಟ್ಟವನು ನಾನೇ ಆಗಿರುವಾಗ ಅದು ಹೊರಬರುವುದಾದರೂ ಎಲ್ಲಿಂದ? ಉಜ್ಜಿ ಸವೆದ ಆ ಎಂಟಡಿ ಈಗ ಇಲ್ಲ. ಅದರ ಸೀಸ ಗುಂಡಾಗಿದೆ. ಅದನ್ನು ಕಣ್ಣಾರೆ ಕಂಡವರು ಚಂದಯ್ಯ, ಕುಷ್ಟ ಮತ್ತು ನಾನು. ಚಂದಯ್ಯ ಆರೋಪಿ. ಕುಷ್ಟ ನನ್ನ ಕೈಕೆಳಗಿನವನು. ಅವನ ಬಾಯಿಗೆ ಬೀಗ ಹಾಕಿದ್ದು ನನ್ನ ಮೌನ. ಅವನನ್ನು ಶಿಕ್ಷಿಸಬಾರದು.

ಈ ಪತ್ರವನ್ನು ಕಚೇರಿಯ ಮೂಲಕ ಕಳಿಸದೆ ಪತ್ರಿಕೆಗೆ ಕೊಟ್ಟದ್ದು ನಿಯಮಬಾಹಿರವೆಂದು ಬಲ್ಲೆ. ಚಂದಯ್ಯನನ್ನು ದ್ರೋಹಿ ಎಂದು ಊರು ಓದಿದ್ದು ಪತ್ರಿಕೆಯಲ್ಲಿ, ಕಡತದಲ್ಲಲ್ಲ. ಹಾಗಾಗಿ ಅವನು ದ್ರೋಹಿಯಲ್ಲ ಎಂಬುದನ್ನೂ ಅಲ್ಲಿಯೇ ಓದಲಿ.

ನನ್ನ ಬೇಡಿಕೆ ಒಂದೇ. ಮುಂದಿನ ತಿಂಗಳ ವಿಚಾರಣೆಗೆ ಮೊದಲು ನನ್ನನ್ನು ಕರೆಸಿ, ಪ್ರಮಾಣ ಮಾಡಿಸಿ, ಕೇಳದೆ ಬಿಟ್ಟ ಆರನೆಯ ಪ್ರಶ್ನೆಯನ್ನು ಕೇಳಿ. ಉತ್ತರ ಬರೆದುಕೊಂಡ ದಿನವೇ ಆ ದೋಣಿಯನ್ನು ಬಿಡಿ; ಮಳೆಗಾಲಕ್ಕೆ ಮೊದಲು ಅದರ ಸಂದು ತುಂಬಬೇಕಾಗಿದೆ. ಸುಳ್ಳು ವರದಿಗೆ ನನಗೆ ಕೊಡುವ ಶಿಕ್ಷೆಯ ಕುರಿತು ಆಮೇಲೆ ನಿಧಾನವಾಗಿ ಯೋಚಿಸಬಹುದು. ನಾನು ಎಲ್ಲಿಗೂ ಹೋಗುವುದಿಲ್ಲ.

ಇಂತಿ,
ಪೆಟ್ಟು ತಿಂದರೂ ಚಂದಯ್ಯ ಹೇಳದೆ ಉಳಿಸಿದ ಹೆಸರಿನವನು,
ಯಡ್ತರೆ ಗೋವರ್ಧನ ಹೆಗ್ಡೆ
ಲೈನ್ ಇನ್ಸ್‌ಪೆಕ್ಟರ್, ಈ ಪತ್ರ ಅಚ್ಚಾಗುವವರೆಗೆ