ಬಸಿದ ಗಂಜಿಯ ನೀಲಿ

ಸಾಂತಾಕ್ರೂಜ್, ಮುಂಬಯಿ
ಆದಿತ್ಯವಾರ, ೧೩-೨-೧೯೫೫

ಪ್ರೀತಿಯ ಚಂದ್ರಾ,

ಲಕೋಟೆಯ ಮೇಲಿನ ಅಕ್ಷರ ನನ್ನದಲ್ಲ. ಪಕ್ಕದ ಕೋಣೆಯ ಪ್ರಫುಲ್ಲಾಳಿಂದ ಬರೆಸಿದೆ. ನನ್ನ ಕೈಬರಹ ಕಂಡರೆ ನೀನು ಒಡೆಯದೆಯೇ ಒಲೆಗೆ ಹಾಕುತ್ತೀ ಎಂಬ ಹೆದರಿಕೆ. ಇಷ್ಟು ಓದಿದ್ದೀಯಲ್ಲ, ಇನ್ನು ಸ್ವಲ್ಪ ಓದು.

ವಿಳಾಸ ಕೊಟ್ಟವನು ನಿನ್ನ ತಮ್ಮ ಬಸವಂತಪ್ಪ. ದಾದರ್ ಸ್ಟೇಷನ್ನಿನಲ್ಲಿ ಸಿಕ್ಕಿದ್ದ. ನೀನು ವಿಜಾಪುರದ ಹುಡುಗಿಯರ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೀಯಂತೆ. "ಮುಂಬಯಿ ಹೆಸರ ತಗದ್ರ ಅಕ್ಕ ಎದ್ದ ಒಳಗ ಹೋಗ್ತಾಳ್ರಿ" ಎಂದ. ನಾನು ನಕ್ಕೆ. ನನ್ನ ಲೋಕಲ್ ಬಂದಿತು, ಹತ್ತಲಿಲ್ಲ. ಮುಂದಿನದನ್ನೂ ಹತ್ತಲಿಲ್ಲ.

ವಿಷಯಕ್ಕೆ ಬರುತ್ತೇನೆ. ೧೯೪೦ರಲ್ಲಿ ನಿನಗೆ ಬಂದ ಅಂಕಿ ಸರಿ. ನನ್ನದು ತಪ್ಪು.

ಒಂದೇ ಮೂಟೆಯ ಕುಚ್ಚಲಕ್ಕಿ, ಪ್ರಯೋಗಶಾಲೆಯ ಒಂದೇ ಕತ್ತಲೆ ಕೋಣೆ, ಒಂದೇ ದೀಪ. ಬೆಂದ ಅನ್ನದಲ್ಲಿ ಬಿ ಜೀವಸತ್ವ ಎಷ್ಟು ಉಳಿಯುತ್ತದೆ ಎಂದು ಇಬ್ಬರೂ ಬೇರೆ ಬೇರೆ ಅಳೆದೆವು. ನನಗೆ ಮೂರರಲ್ಲಿ ಒಂದು ಪಾಲು ಸಿಕ್ಕಿತು, ನಿನಗೆ ಎರಡು ಪಾಲಿಗೂ ಮೇಲೆ. ಇಬ್ಬರೂ ಒಂದೇ ರೀತಿ ಬೇಯಿಸಿದಿರಾ ಎಂದು ನಮ್ಮ ಗುರುಗಳು ನನ್ನನ್ನು ಕೇಳಿದರು. ಹೌದು ಎಂದೆ, ನಿನ್ನ ಎದುರಿಗೇ. ಶಾಖಕ್ಕೆ ಸತ್ವ ನಾಶವಾಗುತ್ತದೆ ಎಂದು ನನ್ನ ಲೇಖನ ಅಚ್ಚಾಯಿತು. ಕೆಲಸ ಶುದ್ಧವಿಲ್ಲ ಎಂದು ನಿನ್ನ ಪ್ರಬಂಧ ತಿರುಗಿ ಬಂದಿತು.

ನಾವು ಒಂದೇ ರೀತಿ ಬೇಯಿಸಿರಲಿಲ್ಲ, ಚಂದ್ರಾ. ನಾನು ಉಡುಪಿ ಕಡೆಯವಳು. ಅನ್ನ ಬೆಂದ ಮೇಲೆ ಗಂಜಿ ಬಸಿಯುವುದನ್ನು ನಾನು ಒಂದು ಕೆಲಸವೆಂದೇ ಎಣಿಸಿರಲಿಲ್ಲ, ಪ್ರಯೋಗದ ಪುಸ್ತಕದಲ್ಲಿ ಬರೆಯಲೂ ಇಲ್ಲ. ನಿನ್ನದು ಜೋಳದ ಸೀಮೆ. ನೀನು ಅಕ್ಕಿಗೆ ಬೇಕಾದಷ್ಟೇ ನೀರಿಟ್ಟು ಇಂಗಿಸುತ್ತಿದ್ದೆ. ನಾವು ಒಟ್ಟಿಗಿದ್ದ ಈ ಕೋಣೆಗೆ ನೀನು ಬಂದ ಮೊದಲ ದಿನ ನಾನು ಬಸಿಯುವುದನ್ನು ನೋಡಿ, "ಏ ವಿನೂ, ಅಷ್ಟೂ ಚೆಲ್ಲತೀಯೇನ? ನಿಮ್ಮೂರಾಗ ಎಮ್ಮಿ ಭಾಳ ಅದಾವೇನ?" ಎಂದು ನೀನು ಕೆಣಕಿದ್ದೆ. ನಮ್ಮೂರಲ್ಲಿ ಅದನ್ನು ಮನುಷ್ಯರೇ ಉಪ್ಪು ಹಾಕಿಕೊಂಡು ಕುಡಿಯುತ್ತಾರೆ ಎಂದು ನಾನು ಮುಖ ಊದಿಸಿಕೊಂಡಿದ್ದೆ. ಪ್ರಯೋಗಶಾಲೆಯಲ್ಲಿ ಮಾತ್ರ ಅದನ್ನು ಮೋರಿಗೆ ಸುರಿದೆ.

ಕಳೆದ ತಿಂಗಳು ಜೋಗೇಶ್ವರಿಯಲ್ಲಿ ಕಾರ್ಖಾನೆಯವರ ಊಟದ ಮನೆಯೊಂದಕ್ಕೆ ಅಕ್ಕಿಯ ಮಾದರಿ ತರಲು ಹೋಗಿದ್ದೆ. ಅಡುಗೆ ಮಾಡುವ ಅಂಗಾರ ಎಂಬವನು ನಮ್ಮ ಕಡೆಯವನು. ಬಸಿದ ಗಂಜಿಯನ್ನು ಲೋಟಕ್ಕೆ ಹಾಕಿ ಕೊಟ್ಟು, "ಮೊದಲು ಇದನ್ನು ಕುಡಿಯಿರಿ ಅಕ್ಕ, ಅನ್ನ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದ. ಇಷ್ಟು ವರ್ಷ ನನಗೆ ಹೊಳೆಯದೆ ಇದ್ದದ್ದು ಆ ಲೋಟದ ಮುಂದೆ ಹೊಳೆಯಿತು. ರಾಸಾಯನಿಕ ಸೇರಿಸಿ ಕತ್ತಲೆ ಕೋಣೆಯ ದೀಪದ ಕೆಳಗಿಟ್ಟರೆ ಸತ್ವ ಇದ್ದಲ್ಲಿ ನೀಲಿ ಬೆಳಕು ಕಾಣುತ್ತದಲ್ಲ, ಬಸಿದ ಗಂಜಿ ಇಡೀ ನೀಲಿ. ಸತ್ವ ನಾಶವಾಗಿರಲಿಲ್ಲ. ನಾನೇ ಚೆಲ್ಲಿದ್ದೆ. ಅಳೆದ ಪುಟವನ್ನು ಇದರ ಜೊತೆಗಿಟ್ಟಿದ್ದೇನೆ.

ಪತ್ರಿಕೆಗೆ ತಿದ್ದುಪಡಿ ಬರೆದಿದ್ದೇನೆ. ನನ್ನ ಅಂಕಿಯನ್ನು ನಂಬಿ ಬೇರೆಯವರೂ ತಮ್ಮ ಲೇಖನಗಳಿಗೆ ಎತ್ತಿಕೊಂಡಿದ್ದಾರೆ. ಗುರುಗಳು ತೀರಿಕೊಂಡ ಮೇಲೆ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಇದು ಅಚ್ಚಾದ ಮೇಲೂ ಇರುತ್ತೇನೋ ತಿಳಿಯದು. ಆದರೆ ನನ್ನದು ತಪ್ಪು ಎಂದಷ್ಟೇ ಬರೆದರೆ ಸಾಲದು. ನಿನ್ನದು ಸರಿಯಾಗಿತ್ತು ಎಂದು ತೋರಿಸಬೇಕು. ಅದಕ್ಕೆ ನೀನು ಕೊಂಡೊಯ್ದ ಕೆಂಪು ರಟ್ಟಿನ ಪುಸ್ತಕ ಬೇಕು. ಕಳಿಸುತ್ತೀಯಾ? ತಿದ್ದುಪಡಿಯಲ್ಲಿ ಹೆಸರು ಮೊದಲು ನಿನ್ನದೇ.

ಆ ಪುಸ್ತಕ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ತಪ್ಪು ಅಂಕಿಯನ್ನು ಒರೆಸಲು ಹೋದರೆ ನೀನು ರಬ್ಬರು ಕಸಿದುಕೊಳ್ಳುತ್ತಿದ್ದೆ. "ಒರಸಬ್ಯಾಡ. ಒಂದ ಗೆರಿ ಎಳಿ, ಓದಾಕ ಬರಬೇಕು. ಮಗ್ಗಲಕ ಸರಿ ಇದ್ದದ್ದ ಬರಿ." ನಿನ್ನ ಪುಟಗಳ ತುಂಬ ಅಂಥ ಗೆರೆಗಳು. ನನ್ನವು ಬೆಳ್ಳಗೆ, ಚೊಕ್ಕಟ. ಗುರುಗಳಿಗೆ ನನ್ನವೇ ಹಿಡಿಸಿದವು.

ಕೋಣೆ ಅದೇ, ನಿನ್ನ ಕಿಟಕಿಯೂ ಅದೇ. ವಿಮಾನಗಳು ಮಾತ್ರ ಹೆಚ್ಚಾಗಿವೆ. ನೀನು ಕವಿತೆ ಓದುವಾಗ ಸಾಲಿನ ಕೊನೆಗೆ ನಿಲ್ಲದೆ ಮುಂದಿನ ಸಾಲಿಗೆ ದಾಟಿಬಿಡುತ್ತಿದ್ದೆ. ಅದಕ್ಕೆ ನಾವೆಷ್ಟು ಜಗಳವಾಡಿದ್ದೇವೆ! ಈಗ ನಾನೂ ಹಾಗೆಯೇ ಓದುತ್ತೇನೆ, ಗಟ್ಟಿಯಾಗಿ. ವಿಮಾನ ಹೋಗುವಾಗ ನಿಲ್ಲಿಸಿ ಸದ್ದು ಅಡಗಿದ ಮೇಲೆ ಮುಂದುವರಿಸುತ್ತೇನೆ. ಕೇಳುವವರು ಯಾರೂ ಇಲ್ಲ ಎನ್ನುವುದು ಆಮೇಲೆ ನೆನಪಾಗುತ್ತದೆ.

ಬೋರಿಬಂದರಿನಲ್ಲಿ ಗಾಡಿ ಹೊರಡುವ ಮುನ್ನ ನೀನು ಒಂದೇ ಮಾತು ಕೇಳಿದ್ದೆ, "ನನ್ನ ಅಂಕಿ ನೀನರ ನಂಬತೀಯಿಲ್ಲೋ?" ಎಂದು. ನಾನು ಗಡಿಯಾರ ನೋಡಿದೆ. ಈಗ ಹೇಳುತ್ತೇನೆ, ನಂಬುತ್ತೇನೆ.

ನಿನ್ನ ಪುಸ್ತಕಕ್ಕೂ, ಅದು ಬಾರದಿದ್ದರೆ ನಿನ್ನ ಅಕ್ಷರದ ಒಂದು ಸಾಲಿಗೂ ಕಾದಿರುವ,
ವಿನೋದಿನಿ

ತಾ. ಕ.: ಮೇಲೆ "ಆ ಲೋಟದ ಮುಂದೆ ಹೊಳೆಯಿತು" ಎಂದು ಬರೆದ ಸಾಲಿನ ಮೇಲೆ ಈಗ ಒಂದು ಗೆರೆ ಎಳೆದಿದ್ದೇನೆ. ಹೊಸ ಹಾಳೆಯಲ್ಲಿ ನಕಲು ಮಾಡಬಹುದಿತ್ತು. ಓದಲು ಬರಲಿ ಎಂದು ಹಾಗೇ ಬಿಟ್ಟೆ. ಜೊತೆಗಿಟ್ಟ ಪುಟದ ತಾರೀಖು ನೋಡು. ಅದು ಈ ವರ್ಷದ್ದಲ್ಲ. ೧೯೪೦ರ ಆಗಸ್ಟ್, ನಿನ್ನನ್ನು ಗಾಡಿ ಹತ್ತಿಸಿ ಬಂದ ಮರುದಿನ. ಒಬ್ಬಳಿಗೇ ಅನ್ನ ಬಸಿಯುವಾಗ ನಿನ್ನ ಎಮ್ಮೆಯ ಮಾತು ನೆನಪಾಯಿತು. ಗಂಜಿಯನ್ನು ಡಬ್ಬಿಯಲ್ಲಿ ಪ್ರಯೋಗಶಾಲೆಗೆ ಒಯ್ದೆ. ಅಂದೇ ನೀಲಿ ಕಂಡಿದ್ದೆ. ನಿನಗೆ ತಂತಿ ಕೊಡಲು ಅಂಚೆ ಕಚೇರಿಯ ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದೆ. ತಿದ್ದುಪಡಿಯಲ್ಲೂ ಇದೇ ತಾರೀಖು ಬರೆದಿದ್ದೇನೆ.